ನುಸಿಗಿಲ್ಲದ ಪಾಸು ನನ್ನ ದನಕ್ಕೆ ಯಾಕೆ?

ಪ್ರಶ್ನೆ: ಹೆಬ್ರಿ ಹತ್ತಿರದ ಹಳ್ಳಿಯಲ್ಲಿ ಆರು ದನ ಸಾಕಿ ಸೊಸೈಟಿಗೆ ಹಾಲು ಹಾಕುವವನು ನಾನು. ತೀರ್ಥಹಳ್ಳಿ ಕಡೆ ಒಂದು ಜರ್ಸಿ ಮಿಶ್ರತಳಿ ದನ ನೋಡಿ, ಮುಂಗಡ ಕೊಟ್ಟು ಬಂದೆ. ಮರುವಾರ ಪಿಕಪ್ ಗೊತ್ತು ಮಾಡುವ ಹೊತ್ತಿಗೆ, ಚರ್ಮಗಂಟು ರೋಗ ಇದೆ, ದನ ಸಾಗಿಸಬಾರದು ಅಂತ ಆದೇಶ ಬಂತು. ದನ ಗಟ್ಟಿಮುಟ್ಟಾಗಿದೆ. ಲಸಿಕೆ ಹಾಕಿಸಿ ಒಂದು ವಾರ ಆಗಿದೆ. ಆದರೂ ತರುವ ಹಾಗಿಲ್ಲವಂತೆ. ಈ ರೋಗ ನುಸಿ (ಸೊಳ್ಳೆ), ನೊಣದಿಂದ ಬರುವುದು ಅಂತ ಡಾಕ್ಟರುಗಳೇ ಹೇಳುತ್ತಾರೆ. ನುಸಿಗೆ ಯಾರು ಪಾಸು ಕೇಳುತ್ತಾರೆ? ಇನ್ನೊಂದು: ನಮ್ಮ ಹಟ್ಟಿಯ ಕಡಸನ್ನು ಎಂಟು ಕಿಲೋಮೀಟರ್ ದೂರದ ತಂಗಿ ಮನೆಗೆ ಕೊಡುವುದಕ್ಕೂ ಅಡ್ಡಿ ಇದೆಯಾ? ಈ ರೂಲ್ಸಿನಿಂದ ನಿಜವಾಗಿ ಪ್ರಯೋಜನ ಇದೆಯಾ, ಅಥವಾ ಸುಮ್ನೆ ಕಾಗದಕ್ಕಾ?

ಉತ್ತರ: ‘ನುಸಿಗೆ ಯಾರು ಪಾಸು ಕೇಳುತ್ತಾರೆ’ ಎಂಬ ಮಾತು ಓದಿ ನಕ್ಕೆ. ಮೂವತ್ತು ವರ್ಷ ಪಶುವೈದ್ಯನಾಗಿ ಉಡುಪಿ, ಕುಂದಾಪುರ ಕಡೆ ಹಟ್ಟಿ ಹಟ್ಟಿ ತಿರುಗಿದವನು ನಾನು. ಈ ಪ್ರಶ್ನೆಯನ್ನು ಇಷ್ಟು ಚಂದ ಮಾಡಿ ಯಾರೂ ಕೇಳಿರಲಿಲ್ಲ. ಅಲ್ಲಿಂದಲೇ ಶುರು ಮಾಡುತ್ತೇನೆ.

ದನದ ಮೈಮೇಲೆ ಗಂಟು ಏಳಿಸುವ ಚರ್ಮಗಂಟು ರೋಗದ ವೈರಸ್ಸು ಕುರಿ ಸಿಡುಬು, ಮೇಕೆ ಸಿಡುಬಿನ ದಾಯಾದಿ. ಕಚ್ಚುವ ನೊಣ, ನುಸಿ, ಉಣುಗು ಇದನ್ನು ಹೊತ್ತು ಸಾಗಿಸುತ್ತವೆ ಎಂಬುದು ನಿಜ. ಹೊರುವ ರೀತಿ ಮಾತ್ರ ಸ್ವಲ್ಪ ನೋಡಿ. ಮಲೇರಿಯಾದಲ್ಲಿ ನುಸಿಯ ಹೊಟ್ಟೆಯೊಳಗೆ ರೋಗಾಣು ಬೆಳೆಯುತ್ತದಲ್ಲ, ನೊಣ-ನುಸಿಯ ವಿಷಯದಲ್ಲಿ ಇಲ್ಲಿ ಆ ಕತೆ ಇಲ್ಲ. ರೋಗದ ದನದ ಗಂಟಿನ ಮೇಲೆ ಕೂತು ಕಚ್ಚಿದ ನೊಣದ ಬಾಯಿಗೆ ವೈರಸ್ಸು ಮೆತ್ತಿಕೊಳ್ಳುತ್ತದೆ. ದನ ಬಾಲ ಬೀಸುತ್ತದೆ. ಹೊಟ್ಟೆ ತುಂಬದ ನೊಣ ಎದ್ದು ಪಕ್ಕದ ದನದ ಮೇಲೆ ಕೂತು ಮತ್ತೆ ಕಚ್ಚುತ್ತದೆ. ಒಂದೇ ಸೂಜಿಯಲ್ಲಿ ಇಬ್ಬರಿಗೆ ಇಂಜೆಕ್ಷನ್ ಕೊಟ್ಟ ಹಾಗೆ. ಹೀಗೆ ರೋಗ ಈ ಹಟ್ಟಿಯಿಂದ ಆ ಹಟ್ಟಿಗೆ, ಈ ಬೈಲಿನಿಂದ ಆಚೆ ಬೈಲಿಗೆ ದಾಟುತ್ತದೆ. ಸಾಮಾನ್ಯವಾಗಿ ಕೆಲವೇ ಕಿಲೋಮೀಟರ್. ತೀರ್ಥಹಳ್ಳಿಯ ನೊಣ ಆಗುಂಬೆ ಘಾಟಿ ಇಳಿದು, ಸೋಮೇಶ್ವರ ದಾಟಿ, ನಿಮ್ಮ ಹಟ್ಟಿ ಹುಡುಕಿಕೊಂಡು ಬರುವುದಿಲ್ಲ. ನಿಮ್ಮ ಪಿಕಪ್ ಎರಡು ಗಂಟೆಯಲ್ಲಿ ಬರುತ್ತದೆ. ದನದ ಮೈಮೇಲಿನ ಉಣುಗು, ಗಾಡಿಯ ಹಲಗೆಗೆ ಕೂತ ನೊಣ ಎಲ್ಲವೂ ಟಿಕೆಟ್ ಇಲ್ಲದೆ ಜೊತೆಗೇ ಬರುತ್ತವೆ.

ಈ ರೋಗವನ್ನು ಮೊದಲು ಗುರುತಿಸಿದ್ದು 1929ರಲ್ಲಿ, ಆಫ್ರಿಕಾದ ಜಾಂಬಿಯಾದಲ್ಲಿ. ಬಹಳ ಕಾಲ ಆ ಖಂಡದಲ್ಲೇ ಇತ್ತು. ನಮ್ಮ ದೇಶದಲ್ಲಿ ಮೊದಲು ಕಂಡಿದ್ದು 2019ರಲ್ಲಿ, ಒಡಿಶಾದಲ್ಲಿ. ಮೂರು ವರ್ಷ ಕಳೆಯುವಷ್ಟರಲ್ಲಿ ಗುಜರಾತ್, ರಾಜಸ್ಥಾನದಲ್ಲಿ ದನಗಳನ್ನು ರಾಶಿ ರಾಶಿ ಹೂಳುವ ಸ್ಥಿತಿ ಬಂತು. 2022ರಲ್ಲಿ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ದನ ಸತ್ತವು. ನಮ್ಮ ರಾಜ್ಯದಲ್ಲೂ ಆ ವರ್ಷ ದನದ ಜಾತ್ರೆ, ಸಂತೆ ನಿಲ್ಲಿಸಿದ್ದು ನಿಮಗೆ ನೆನಪಿರಬಹುದು. ತೀರಾ ಈಚಿನದ್ದು ಬೇಕಾದರೆ ಫ್ರಾನ್ಸಿನ ಉದಾಹರಣೆ ಇದೆ. 2025ರ ಜೂನ್ ಕೊನೆಗೆ ಅಲ್ಲಿ ಮೊದಲ ಬಾರಿ ಈ ರೋಗ ಬಂತು, ಆಲ್ಪ್ಸ್ ಬೆಟ್ಟದ ಸವೊಯ್ ಸೀಮೆಯಲ್ಲಿ. ಯುರೋಪಿನ ನಿಯಮದಂತೆ ರೋಗದ ಹಟ್ಟಿಯ ಸುತ್ತ 20 ಕಿಲೋಮೀಟರಿನ ಒಂದು ವಲಯ, 50 ಕಿಲೋಮೀಟರಿನ ಇನ್ನೊಂದು ವಲಯ ಮಾಡಿ ದನ ಸಾಗಾಟಕ್ಕೆ ಬಿಗಿ ಹಾಕಿದರು. ಆದರೂ ಆ ವರ್ಷದ ಅಕ್ಟೋಬರಿನಲ್ಲಿ ನೂರಾರು ಕಿಲೋಮೀಟರ್ ಆಚೆ, ಸ್ಪೇನ್ ಗಡಿಯ ಪಿರೆನೀಸ್ ಕಡೆ ರೋಗ ಕಾಣಿಸಿತು. ಅಷ್ಟು ದೂರ ಹಾರುವ ನೊಣ ಇಲ್ಲ. ಯಾರೋ ದನ ಸಾಗಿಸಿದ್ದಾರೆ ಎಂದೇ ಅಲ್ಲಿನ ಅಧಿಕಾರಿಗಳು ಹೇಳಿದರು. ಹತ್ತಿರಕ್ಕೆ ನೊಣ, ದೂರಕ್ಕೆ ಲಾರಿ. ನುಸಿಗೆ ಪಾಸು ಕೇಳದಿರುವುದು ಇದಕ್ಕೇ.

ಇನ್ನು ‘ದನ ಗಟ್ಟಿಮುಟ್ಟಾಗಿದೆ’ ಎಂಬ ಮಾತಿಗೆ ಬರುತ್ತೇನೆ. ಈ ಮಾತನ್ನು ನಾನು ಸಾವಿರ ಸಲ ಕೇಳಿದ್ದೇನೆ. ಒಮ್ಮೆ ನಾನೇ ಹೇಳಿ ಕೆಟ್ಟಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಒಬ್ಬರು ತಮ್ಮ ಮಗಳ ಮನೆಗೆ ಬಾಳಂತನದ ಹಾಲಿಗೆ ಅಂತ ಒಂದು ದನ ಕಳಿಸುವವರಿದ್ದರು. ಆಚೆ ಊರಿನಲ್ಲಿ ಕಾಲುಬಾಯಿ ಜ್ವರದ ಸುದ್ದಿ ಇತ್ತು. ನಾನು ಹೋಗಿ ನೋಡಿದೆ. ಬಾಯಿ ತೆರೆದು ನಾಲಗೆ ನೋಡಿದೆ, ಗೊರಸಿನ ಸಂದು ನೋಡಿದೆ. ಏನೂ ಇಲ್ಲ. ಚೆನ್ನಾಗಿ ಮೆಲುಕು ಹಾಕುತ್ತಾ ಇತ್ತು. ಸರ್ಟಿಫಿಕೇಟು ಬರೆದುಕೊಟ್ಟೆ. ಅವರು ಎಳನೀರು ಕೊಟ್ಟರು, ಕುಡಿದು ಬಂದೆ. ಮೂರನೇ ದಿನ ಮಗಳ ಮನೆಯಿಂದ ಜನ ಬಂತು: ದನ ಜೊಲ್ಲು ಸುರಿಸುತ್ತಿದೆ, ಕಾಲು ಊರುತ್ತಿಲ್ಲ. ಎರಡು ವಾರದಲ್ಲಿ ಆ ಬೈಲಿನ ಏಳು ಮನೆಗೆ ರೋಗ ಹಬ್ಬಿತು. ಎರಡು ಕರು ಸತ್ತವು. ಬಾಳಂತಿಗೆ ಅಂತ ಬಂದ ದನ ಆ ಸೂಲಿನಲ್ಲಿ ಮತ್ತೆ ಸರಿಯಾಗಿ ಹಾಲೇ ಕೊಡಲಿಲ್ಲ. ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ನಾನು ನೋಡಿದ್ದರಲ್ಲಿ ತಪ್ಪಿರಲಿಲ್ಲ. ಆ ದಿನ ದನದ ಮೈಯಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ, ಅಷ್ಟೇ. ಕಾಲುಬಾಯಿ ಜ್ವರದಲ್ಲಿ ವೈರಸ್ಸು ಒಳಗೆ ಹೊಕ್ಕು ಬೊಕ್ಕೆ ಏಳುವುದಕ್ಕೆ 2ರಿಂದ 14 ದಿನ ಬೇಕು. ಬೊಕ್ಕೆ ಕಾಣುವುದಕ್ಕೂ ಒಂದೆರಡು ದಿನ ಮೊದಲೇ ದನ ವೈರಸ್ಸನ್ನು ಹೊರಗೆ ಬಿಡಲು ಶುರು ಮಾಡುತ್ತದೆ. ಹಾಲಿನಲ್ಲಂತೂ ನಾಲ್ಕು ದಿನ ಮುಂಚೆಯೇ ಬರಬಹುದು. ಚರ್ಮಗಂಟು ರೋಗಕ್ಕೆ ಈ ಅಡಗಿ ಕೂರುವ ಕಾಲವನ್ನು ಅಂತಾರಾಷ್ಟ್ರೀಯ ನಿಯಮಗಳಲ್ಲಿ 28 ದಿನ ಎಂದು ಲೆಕ್ಕ ಹಿಡಿಯುತ್ತಾರೆ. ಸಾಗಾಟ ತಡೆಯುವ ನಿಯಮಗಳೆಲ್ಲ ಈ ಕಾಣದ ದಿನಗಳಿಗಾಗಿಯೇ ಹುಟ್ಟಿದ್ದು. ಕಾಯಿಲೆ ಎದ್ದು ಕಾಣುವ ದನವನ್ನು ತಡೆಯುವುದಕ್ಕೆ ಕಾನೂನು ಬೇಕಾಗಿಲ್ಲ, ಅದನ್ನು ಯಾರೂ ದುಡ್ಡು ಕೊಟ್ಟು ತರುವುದಿಲ್ಲ. ಹೊಳೆಯುವ ಮೈಯ, ಚೆನ್ನಾಗಿ ಮೇಯುವ, ನಿಮ್ಮ ತೀರ್ಥಹಳ್ಳಿ ದನದಂಥ ದನವೇ ಊರಿಂದ ಊರಿಗೆ ರೋಗ ಕೊಂಡೊಯ್ಯುವುದು.

ಈ ಕಾಣದ ದಿನಗಳ ಬೆಲೆ ಎಷ್ಟು ಎಂದು ಜಗತ್ತಿಗೆ ಗೊತ್ತಾದದ್ದು 2001ರಲ್ಲಿ, ಬ್ರಿಟನ್ನಿನಲ್ಲಿ. ಆ ವರ್ಷ ಫೆಬ್ರವರಿ 20ರಂದು ಎಸೆಕ್ಸ್‌ನ ಕಸಾಯಿಖಾನೆಯೊಂದರ ಹಂದಿಗಳಲ್ಲಿ ಕಾಲುಬಾಯಿ ಜ್ವರ ಖಚಿತವಾಯಿತು. ಹುಡುಕುತ್ತಾ ಹೋದಾಗ ಮೂಲ ಸಿಕ್ಕಿದ್ದು ಇಂಗ್ಲೆಂಡಿನ ಉತ್ತರ ಭಾಗದ ಒಂದು ಹಂದಿ ಸಾಕಣೆಯಲ್ಲಿ. ಅಲ್ಲಿ ಹಂದಿಗಳಿಗೆ ಹೋಟೆಲಿನ ಉಳಿಕೆ ತಿನ್ನಿಸುತ್ತಿದ್ದರು. ನಮ್ಮಲ್ಲಿ ದನಕ್ಕೆ ಅಕ್ಕಚ್ಚು ಇಡುತ್ತೇವಲ್ಲ, ಆ ಥರದ್ದೇ, ಆದರೆ ಮಾಂಸದ ಚೂರು ಸೇರಿದ್ದು, ಸರಿಯಾಗಿ ಬೇಯಿಸದ್ದು. ಅಲ್ಲಿಂದ ರೋಗ ಪಕ್ಕದ ಕುರಿಗಳಿಗೆ ದಾಟಿತು. ಕುರಿಗಳಲ್ಲಿ ಕಾಲುಬಾಯಿ ಅಷ್ಟಾಗಿ ಎದ್ದು ಕಾಣುವುದಿಲ್ಲ. ಹೆಕ್ಸಮ್, ಲಾಂಗ್‌ಟೌನ್ ಎಂಬ ಸಂತೆಗಳಿಗೆ ಆ ಕುರಿಗಳು ಹೋದವು, ಅಲ್ಲಿಂದ ದಲ್ಲಾಳಿಗಳ ಲಾರಿಯಲ್ಲಿ ದೇಶದ ಮೂಲೆ ಮೂಲೆಗೆ ಹೋದವು. ಮೊದಲ ಪ್ರಕರಣ ಗೊತ್ತಾಗುವ ಮೊದಲೇ ಕಡಿಮೆಯೆಂದರೂ 57 ಕಡೆ ರೋಗ ಕೂತಿತ್ತು. ದೇಶವಿಡೀ ಸಾಗಾಟ ನಿಲ್ಲಿಸಿದ್ದು ಫೆಬ್ರವರಿ 23ಕ್ಕೆ. ಆ ಮೂರು ದಿನವೂ ಸಂತೆ ನಡೆಯುತ್ತಲೇ ಇತ್ತು. ಕೊನೆಗೆ ಎರಡು ಸಾವಿರಕ್ಕೂ ಹೆಚ್ಚು ಕಡೆ ರೋಗ ಹಬ್ಬಿ, 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಬಹಳಷ್ಟು ಪ್ರಾಣಿಗಳಿಗೆ ರೋಗವೇ ಇರಲಿಲ್ಲ, ಪಕ್ಕದ ಹಟ್ಟಿಯವು ಎಂದು ಕೊಂದರು.

ಇದರಿಂದ ಪಾಠ ಕಲಿತು ಅವರು ಒಂದು ನಿಯಮ ತಂದರು. ನನಗೆ ಬಹಳ ಇಷ್ಟವಾದ ನಿಯಮ. ಇಂಗ್ಲೆಂಡಿನಲ್ಲಿ ನಿಮ್ಮ ಹಟ್ಟಿಗೆ ಹೊಸ ದನವೋ ಕುರಿಯೋ ಒಂದು ಬಂತು ಅನ್ನಿ, ಆಮೇಲೆ ಆರು ದಿನ ನಿಮ್ಮ ಹಟ್ಟಿಯಿಂದ ಯಾವ ಪ್ರಾಣಿಯೂ ಹೊರಗೆ ಹೋಗುವ ಹಾಗಿಲ್ಲ. ಹಂದಿ ಬಂದರೆ ಹಂದಿಗಳಿಗೆ 20 ದಿನ. ಕೆಲವು ವಿನಾಯಿತಿಗಳಿವೆ, ಅದಿರಲಿ. ರೋಗ ಇರಲಿ ಇಲ್ಲದಿರಲಿ, ವರ್ಷವಿಡೀ ಇದೇ ಲೆಕ್ಕ. ಬೆಳಿಗ್ಗೆ ಕೊಂಡು ಸಂಜೆ ಮಾರುವ ವ್ಯಾಪಾರಕ್ಕೆ ಇದು ದೊಡ್ಡ ಅಡ್ಡಿ. ಅಲ್ಲಿನ ರೈತರು ಇವತ್ತಿಗೂ ಇದರ ಬಗ್ಗೆ ಗೊಣಗುತ್ತಾರೆ. ಅವರ ಗೊಣಗಾಟದಲ್ಲೂ ನ್ಯಾಯ ಇದೆ ಅನ್ನಿ.

ನಮ್ಮಲ್ಲಿ ಅಂಥ ವರ್ಷವಿಡೀ ನಿಯಮ ಇಲ್ಲ. ಇರುವುದು 2009ರ ಕೇಂದ್ರ ಕಾನೂನು, ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಗೆ ಅಂತಲೇ ಮಾಡಿದ್ದು. ನಿಮ್ಮ ಕೇಸಿಗೆ ಬೇಕಾದ್ದು ಅದರಲ್ಲಿ ಸ್ಪಷ್ಟವಾಗಿಯೇ ಇದೆ. ರಾಜ್ಯ ಸರ್ಕಾರ ಒಂದು ರೋಗದ ಹೆಸರು ಹೇಳಿ ಒಂದು ಜಾಗವನ್ನು ‘ನಿಯಂತ್ರಿತ ಪ್ರದೇಶ’ ಎಂದು ಘೋಷಿಸಬಹುದು. ಘೋಷಿಸಿದ ಮೇಲೆ ಆ ರೋಗ ಬರುವ ಜಾತಿಯ ಪ್ರಾಣಿಯನ್ನು ಅದು ಕಟ್ಟಿದ ಜಾಗದಿಂದ ಕದಲಿಸುವ ಹಾಗಿಲ್ಲ. ಜಿಲ್ಲೆ ದಾಟುವುದು ಬಿಡಿ, ಪಕ್ಕದ ಮನೆಗೂ ಇಲ್ಲ. ಅದಕ್ಕೆ ಎರಡು ಬಿಡುವು ಇದೆ. ಒಂದು, ಲಸಿಕೆ ಹಾಕಿಸುವುದಕ್ಕೆ ಹತ್ತಿರದ ಜಾಗಕ್ಕೆ ಕೊಂಡುಹೋಗಬಹುದು. ಎರಡು, ಆ ರೋಗಕ್ಕೇ ಲಸಿಕೆ ಆಗಿದೆ, ರಕ್ಷಣೆ ಬಂದಿದೆ ಎಂಬ ಸರ್ಟಿಫಿಕೇಟು ಜೊತೆಗಿದ್ದು, ದನದ ಮೇಲೆ ಅದರ ಗುರುತೂ ಇದ್ದರೆ ಕೊಂಡುಹೋಗಬಹುದು. ಇಷ್ಟು ಪ್ರದೇಶದ ಒಳಗಿನ ಮಾತು. ಪ್ರದೇಶದ ಗೆರೆ ದಾಟಿ ಒಳಗೆ ತರುವುದಕ್ಕೆ, ಹೊರಗೆ ಒಯ್ಯುವುದಕ್ಕೆ ಬೇರೆ ಕಟ್ಟು ಇದೆ. ಅಲ್ಲಿ ಪಶುವೈದ್ಯರ ಪರ್ಮಿಟ್ ಇಲ್ಲದೆ ಆಗುವುದಿಲ್ಲ. ಆ ಪ್ರದೇಶದಲ್ಲಿ ಸಂತೆ, ಜಾತ್ರೆ, ಪ್ರದರ್ಶನವನ್ನೂ ನಿಲ್ಲಿಸಬಹುದು. ಇದರ ಜೊತೆಗೆ ಜಿಲ್ಲಾಡಳಿತದ ಆದೇಶ ಇನ್ನೂ ಬಿಗಿಯಾಗಿರಬಹುದು. ಹಾಗಾಗಿ ನಿಮ್ಮ ಕೈಗೆ ಬಂದ ಆದೇಶದಲ್ಲಿ ಮೂರು ವಿಷಯ ಹುಡುಕಿ: ಯಾವ ರೋಗ, ಯಾವ ಯಾವ ಊರು, ಯಾವ ದಿನದಿಂದ ಯಾವ ದಿನದವರೆಗೆ. ನಿಮಗೆ ಎರಡು ಆದೇಶ ಲೆಕ್ಕಕ್ಕೆ ಬರುತ್ತದೆ, ಶಿವಮೊಗ್ಗದ್ದೂ ಉಡುಪಿಯದ್ದೂ. ಹೊರಡುವ ಊರು, ತಲುಪುವ ಊರು ಎರಡೂ ಒಪ್ಪಬೇಕು.

ನಿಮ್ಮ ದನಕ್ಕೆ ಲಸಿಕೆ ಆಗಿದೆಯಲ್ಲ, ಹಾಗಾದರೆ ಯಾಕೆ ಬಿಡುವುದಿಲ್ಲ? ಒಂದೇ ವಾರ ಆಗಿದೆ ಎಂಬುದೇ ಕಾರಣ. ನಮ್ಮಲ್ಲಿ ಚರ್ಮಗಂಟು ರೋಗಕ್ಕೆ ಹಾಕುತ್ತಾ ಬಂದಿರುವುದು ಮೇಕೆ ಸಿಡುಬಿನ ಲಸಿಕೆ. ದಾಯಾದಿ ಅಂತ ಹೇಳಿದೆನಲ್ಲ, ಆ ಸಂಬಂಧದಿಂದ ಅದು ಇದಕ್ಕೂ ಕೆಲಸ ಮಾಡುತ್ತದೆ. ಈ ರೋಗಕ್ಕೇ ಅಂತ ಹಿಸಾರಿನ ಮತ್ತು ಇಜ್ಜತ್‌ನಗರದ ಸಂಶೋಧನಾ ಸಂಸ್ಥೆಗಳು ಸೇರಿ ಮಾಡಿದ ಸ್ವದೇಶಿ ಲಸಿಕೆ 2022ರಲ್ಲಿ ಹೊರಬಂತು. ಯಾವುದೇ ಹಾಕಿಸಿದರೂ ಮೈಯಲ್ಲಿ ಪೂರ್ತಿ ಶಕ್ತಿ ಬರಲು ಮೂರು ವಾರ ಕೊಡಬೇಕು. ಸೂಜಿ ಚುಚ್ಚಿದ ದಿನವೇ ರಕ್ಷಣೆ ಶುರುವಾಗುವುದಿಲ್ಲ. ಇನ್ನೊಂದು ಸಂಗತಿ: ಲಸಿಕೆ ಹಾಕುವ ಮೊದಲೇ ವೈರಸ್ಸು ಒಳಗೆ ಹೊಕ್ಕಿದ್ದರೆ, ಲಸಿಕೆ ಅದನ್ನು ಹೊರದಬ್ಬುವುದಿಲ್ಲ. ರೋಗ ತನ್ನ ದಿನಕ್ಕೆ ಏಳುತ್ತದೆ. ಆಗ ಜನ ‘ಲಸಿಕೆಯಿಂದಲೇ ಬಂತು’ ಅನ್ನುತ್ತಾರೆ. ಹಾಗಾಗಿ ನಿಮ್ಮ ದನಕ್ಕೆ ಇನ್ನೂ ಎರಡು ವಾರವಾದರೂ ಅಲ್ಲೇ ಇರುವುದು ಒಳ್ಳೆಯದು. ಆದೇಶ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

‘ರೂಲ್ಸಿನಿಂದ ಪ್ರಯೋಜನ ಇದೆಯಾ’ ಎಂದು ಕೇಳಿದ್ದೀರಿ. ಇದೆ, ಆದರೆ ಜನ ಅಂದುಕೊಂಡ ರೀತಿಯ ಪ್ರಯೋಜನ ಬೇರೆ. ಸಾಗಾಟ ನಿಲ್ಲಿಸಿದ ಮಾತ್ರಕ್ಕೆ ರೋಗ ಸಾಯುವುದಿಲ್ಲ. ಅದು ನಡೆಯುವ ವೇಗ ಕಡಿಮೆಯಾಗುತ್ತದೆ. ಅಷ್ಟರಲ್ಲಿ ಪಶುವೈದ್ಯರು ಲಸಿಕೆ ಡಬ್ಬಿ ಹೊತ್ತು, ರೋಗದ ಊರಿನ ಸುತ್ತ ಐದು ಕಿಲೋಮೀಟರಿನ ಹಳ್ಳಿಗಳಲ್ಲಿ ದನಗಳಿಗೆ ಚುಚ್ಚಿ ಮುಗಿಸಬೇಕು. ಒಲೆಯಿಂದ ಕಿಡಿ ಹಾರುವಾಗ ಬೈಹುಲ್ಲಿನ ಕುತ್ತರಿ ದೂರ ಸರಿಸಿದ ಹಾಗೆ. ಸರಿಸಿದ ಮೇಲೆ ನೀರು ತರದಿದ್ದರೆ ಸರಿಸಿ ಏನು ಉಪಯೋಗ? ಲಸಿಕೆ ಇಲ್ಲದೆ ಬರೀ ಸಾಗಾಟ ತಡೆದು ಕೂರುವುದು ನನ್ನ ಲೆಕ್ಕದಲ್ಲಿ ಅರ್ಧ ಕೆಲಸ.

ಪೂರ್ತಿ ಕೆಲಸ ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ನಿಮ್ಮ ಅಜ್ಜನ ಕಾಲದವರು ‘ದೊಡ್ಡ ರೋಗ’ ಎನ್ನುತ್ತಿದ್ದದ್ದು, ರಿಂಡರ್‌ಪೆಸ್ಟ್. ಬಂದರೆ ಹಟ್ಟಿಗೆ ಹಟ್ಟಿಯೇ ಖಾಲಿ. ಲಸಿಕೆ, ನಿಗಾ, ಸಾಗಾಟದ ಮೇಲೆ ಕಣ್ಣು ಎಲ್ಲ ಸೇರಿ, 1995ರ ಹೊತ್ತಿಗೆ ನಮ್ಮ ದೇಶದಲ್ಲಿ ಅದು ಕೊನೆಯಾಯಿತು. 2011ರಲ್ಲಿ ಭೂಮಿಯ ಮೇಲಿಂದಲೇ ಅಳಿಯಿತು ಎಂದು ಘೋಷಿಸಿದರು. ತಮಾಷೆ ಏನೆಂದರೆ, 1978ರ ಪ್ರಾಣಿ ಸಾಗಾಟದ ನಿಯಮಗಳಲ್ಲಿ ದನ ಲಾರಿ ಹತ್ತಲು ಪಶುವೈದ್ಯರ ಸರ್ಟಿಫಿಕೇಟು ಬೇಕು ಅಂತಿದೆಯಲ್ಲ, ಅದರಲ್ಲಿ ‘ರಿಂಡರ್‌ಪೆಸ್ಟಿಗೆ ಲಸಿಕೆ ಆಗಿರಬೇಕು’ ಎಂಬ ಮಾತು ಇತ್ತು. ರೋಗ ಸತ್ತಿತು, ಅದರ ಹೆಸರು ಮಾತ್ರ ಕಾಗದದಲ್ಲಿ ಬದುಕಿತು!

ಆ ನಿಯಮದ ಸರ್ಟಿಫಿಕೇಟು ಬೇರೆ, ರೋಗದ ಕಾನೂನಿನ ಲಸಿಕೆ ಸರ್ಟಿಫಿಕೇಟು ಬೇರೆ. 2021ರಿಂದ ನಮ್ಮ ರಾಜ್ಯದಲ್ಲಿ ಜಾರಿಯಲ್ಲಿರುವ ಜಾನುವಾರು ಹತ್ಯೆ ತಡೆ ಕಾನೂನಿನ ಸಾಗಾಟದ ಕಾಗದ ಇನ್ನೂ ಬೇರೆ. ನಮ್ಮ ಕರಾವಳಿಯಲ್ಲಿ ದನ ತುಂಬಿದ ಗಾಡಿ ಅಂದರೆ ಏನೇನು ಆಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ಇದ್ದರೆ ಇನ್ನೊಂದು ಬೇಡ ಅಂದುಕೊಳ್ಳಬೇಡಿ. ಕೊಂಡದ್ದಕ್ಕೆ ರಶೀದಿ, ದನದ ಕಿವಿಯೋಲೆಯ 12 ಅಂಕಿಯ ನಂಬರ್ ಬರೆದ ಕಾಗದ, ಎರಡೂ ಸರ್ಟಿಫಿಕೇಟು, ಸಾಗಾಟದ ಕಾಗದ, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಡ್ರೈವರ್ ಹತ್ತಿರ ಇಡಿ. ಸಾಗಾಟ ಹಗಲಿನಲ್ಲೇ ಇರಲಿ.

ನಿಯಮಗಳು ಎಲ್ಲಿ ಸೋಲುತ್ತವೆ ಎಂದೂ ಹೇಳಿಬಿಡುತ್ತೇನೆ. ಆದೇಶದಲ್ಲಿ ಮುಗಿಯುವ ದಿನ ಇಲ್ಲದಿದ್ದರೆ ಜನ ಎರಡು ವಾರ ಪಾಲಿಸಿ, ಮೂರನೇ ವಾರ ಮರೆಯುತ್ತಾರೆ. ಯಾಕೆ ಅಂತ ಹೇಳದಿದ್ದರೆ ಮೊದಲ ದಿನವೇ ಮರೆಯುತ್ತಾರೆ. ಎಲ್ಲಕ್ಕಿಂತ ದೊಡ್ಡದು ಹೆದರಿಕೆ. ರೋಗ ಇದೆ ಎಂದು ಹೇಳಿದರೆ ಸೊಸೈಟಿಯಲ್ಲಿ ಹಾಲು ತೆಗೆದುಕೊಳ್ಳುವುದಿಲ್ಲವೋ ಏನೋ, ಊರವರು ದೂರ ಇಡುತ್ತಾರೋ ಏನೋ ಅಂತ ಮುಚ್ಚಿಡುತ್ತಾರೆ. 2009ರ ಕಾನೂನಿನ ಪ್ರಕಾರ ದನದ ಮಾಲೀಕನೇ ತಿಳಿಸಬೇಕು. ಆದರೆ ಕಾನೂನು ಓದಿ ಹೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ದನ ಸತ್ತರೆ ಕೈಗೆ ಏನಾದರೂ ಬರುತ್ತದೆ ಎಂದು ಗೊತ್ತಿದ್ದರೆ ಹೇಳುತ್ತಾರೆ. 2022ರಲ್ಲಿ ನಮ್ಮ ಸರ್ಕಾರ ಚರ್ಮಗಂಟು ರೋಗದಿಂದ ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ಘೋಷಿಸಿತು. ಕರೆಯುವ ದನದ ಬೆಲೆಗೆ ಅದು ಸಾಲದು, ಗೊತ್ತು. ಆದರೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ.

ಇನ್ನೊಂದು, ನಾವು ದನವನ್ನು ಮಾತ್ರ ಎಣಿಸುತ್ತೇವೆ. ಘಟ್ಟದ ಮೇಲಿಂದ ಇಳಿಯುವ ಬೈಹುಲ್ಲಿನ ಲಾರಿ? ಅಡಿಕೆ ತೋಟಕ್ಕೆ ಬರುವ ಕುರಿಗೊಬ್ಬರ? ಹಟ್ಟಿಯಿಂದ ಹಟ್ಟಿಗೆ ಹೋಗಿ ಬೆಲೆ ಕಟ್ಟುವ ದಲ್ಲಾಳಿಯ ಚಪ್ಪಲಿ? ಕಾಲುಬಾಯಿ ಜ್ವರಕ್ಕೆ ಇವೆಲ್ಲ ಸವಾರಿಯೇ. ನಮ್ಮಂಥ ಡಾಕ್ಟರುಗಳ ಗಂಬೂಟೂ ಅದರಲ್ಲಿ ಸೇರಿತು. ಕಂಬಳದ ಮಾತೂ ಬರುತ್ತದೆ. ನವೆಂಬರಿನಿಂದ ಮಾರ್ಚ್‌ವರೆಗೆ ವಾರವಾರ ಒಂದೊಂದು ಊರು, ದೊಡ್ಡ ಕಂಬಳಗಳಲ್ಲಿ ನೂರಕ್ಕೂ ಹೆಚ್ಚು ಜೋಡಿ ಕೋಣ. ಚರ್ಮಗಂಟು ರೋಗ ಕೋಣ, ಎಮ್ಮೆಗೆ ಬರುವುದು ಬಹಳ ಕಡಿಮೆ. ಆದರೆ ಕಾಲುಬಾಯಿ ಅವನ್ನು ಬಿಡುವುದಿಲ್ಲ. ಕೋಣಗಳನ್ನು ಮಕ್ಕಳಿಗಿಂತ ಹೆಚ್ಚು ನೋಡಿಕೊಳ್ಳುವ ಯಜಮಾನರು ನಮ್ಮವರು, ಲಸಿಕೆ ತಪ್ಪಿಸುವುದಿಲ್ಲ. ಆರು ತಿಂಗಳಿಗೊಮ್ಮೆ ಹಾಕುವ ಆ ಲಸಿಕೆ ಸೀಸನ್ ಶುರುವಾಗುವ ಒಂದು ತಿಂಗಳು ಮೊದಲೇ ಬೀಳುವ ಹಾಗೆ ನೋಡಿಕೊಂಡರೆ ಚೆನ್ನ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಮುಂಗಡ ಹೋಯಿತು ಎಂದು ಹೆದರಬೇಡಿ. ಮಾರುವವರ ಜೊತೆ ಮಾತಾಡಿ, ದನ ಇನ್ನೊಂದು ತಿಂಗಳು ಅಲ್ಲೇ ಇರಲಿ ಎನ್ನಿ. ಅಷ್ಟು ದಿನದ ಹಾಲು ಅವರಿಗೇ ಸಿಗುತ್ತದೆ, ಹಿಂಡಿಯ ಖರ್ಚಿಗೆ ನೀವು ಏನಾದರೂ ಸೇರಿಸಿ. ಈ ತಿಂಗಳಲ್ಲಿ ದನಕ್ಕೆ ರೋಗ ಬಂದರೆ ಮುಂಗಡ ವಾಪಸು ಎಂದು ಒಂದು ಚೀಟಿ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಬಿಡಬೇಡಿ. ನೆಂಟಸ್ತಿಕೆಗಳು ಮುರಿದದ್ದನ್ನು ನೋಡಿದ್ದೇನೆ. ಕಿವಿಯೋಲೆ ನಂಬರಿನ ಮೇಲೆ ಚರ್ಮಗಂಟು, ಕಾಲುಬಾಯಿ ಎರಡೂ ಲಸಿಕೆ ದಾಖಲಾಗಿದೆಯಾ ಎಂದು ಅಲ್ಲಿನ ಪಶು ಆಸ್ಪತ್ರೆಯಲ್ಲಿ ಕೇಳಿ. ಕಂದುರೋಗ, ಅಂದರೆ ಬ್ರುಸೆಲ್ಲೋಸಿಸ್ ಪರೀಕ್ಷೆ ಒಂದು ಮಾಡಿಸಿದರೆ ಇನ್ನೂ ಒಳ್ಳೆಯದು. ಅದು ಕಂದು ಹಾಕಿಸುವ ರೋಗ, ಮನುಷ್ಯರಿಗೂ ದಾಟುತ್ತದೆ. ದುಡ್ಡು ಕೊಟ್ಟು ಅದನ್ನು ಮನೆಗೆ ತಂದವರು ಎಷ್ಟೋ ಜನ.

ಆದೇಶ ಮುಗಿದು ದನ ಬಂದ ಮೇಲೆ ನೇರ ಹಟ್ಟಿಗೆ ಕಟ್ಟಬೇಡಿ. ಕೊಟ್ಟಿಗೆಯಿಂದ ದೂರ, ತೋಟದ ಆಚೆ ಬದಿಯಲ್ಲಿ ಒಂದು ಮಾಡು ಹಾಕಿ. 28 ದಿನ ಅಲ್ಲೇ ಇರಲಿ. ಅದಕ್ಕೆ ಬೇರೆ ಬಾಲ್ದಿ, ಬೇರೆ ಹಗ್ಗ. ಹಳೆ ಯಜಮಾನರ ಮನೆಯ ಹಗ್ಗ ತರಲೇಬೇಡಿ, ಉದುರಿದ ಹಕ್ಕಳೆಯಲ್ಲಿ ಈ ವೈರಸ್ಸು ಒಂದು ತಿಂಗಳಿಗೂ ಜಾಸ್ತಿ ಬದುಕುತ್ತದೆ. ಕೆಲಸದ ಕ್ರಮ ಬಹಳ ಮುಖ್ಯ: ಮೊದಲು ನಿಮ್ಮ ಆರು ದನದ ಸೆಗಣಿ, ಹುಲ್ಲು, ಹಾಲು ಎಲ್ಲ ಮುಗಿಸಿ. ಕೊನೆಗೆ ಹೊಸತರ ಹತ್ತಿರ ಹೋಗಿ. ಅಲ್ಲಿಂದ ವಾಪಸು ಹಟ್ಟಿಗೆ ಬರಬೇಡಿ, ನೇರ ಬಚ್ಚಲಿಗೆ. ಕಾಲು, ಚಪ್ಪಲಿ ತೊಳೆಯಲು ಒಂದು ಲೀಟರ್ ನೀರಿಗೆ 40 ಗ್ರಾಂ ಬಟ್ಟೆ ಸೋಡ ಸಾಕು, ಕಾಲುಬಾಯಿ ವೈರಸ್ಸಿಗೆ ಅದು ವಿಷ. ಚರ್ಮಗಂಟಿಗಾದರೆ ನೆಲಕ್ಕೆ ಬ್ಲೀಚಿಂಗ್ ನೀರು ಹಾಕಿ. ಸಂಜೆ ಹೊಗೆ ಹಾಕುವ ಹಳೆ ಅಭ್ಯಾಸ ನಿಮ್ಮಲ್ಲಿ ಇದ್ದರೆ ಬಿಡಬೇಡಿ. ಸೆಗಣಿ ರಾಶಿ ಮಾಡಿನ ಹತ್ತಿರ ಬೇಡ, ನೊಣ ಹುಟ್ಟುವುದೇ ಅಲ್ಲಿ.

ಒಂದು ಥರ್ಮಾಮೀಟರ್ ತಂದಿಟ್ಟುಕೊಳ್ಳಿ. ನಾನು ಹಟ್ಟಿ ಹಟ್ಟಿಗೆ ಹೋಗಿ ಹೇಳಿ ಸೋತ ಮಾತು ಇದು. ಗಂಟು ಏಳುವ ಮೊದಲು ಜ್ವರ ಬರುತ್ತದೆ. ದನದ ಮೈ ಬಿಸಿ ಸಾಮಾನ್ಯವಾಗಿ 101, 102 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. 104 ದಾಟಿತು, ಕಣ್ಣು ಮೂಗಿನಲ್ಲಿ ನೀರು, ಹಾಲು ಇಳಿಯಿತು ಅಂದರೆ ಗಂಟು ಕಾಣಲಿ ಎಂದು ಕಾಯಬೇಡಿ. 1962ಕ್ಕೆ ಫೋನ್ ಮಾಡಿ, ಅಥವಾ ನಿಮ್ಮ ಪಶು ಆಸ್ಪತ್ರೆಗೆ ಹೇಳಿ. ಮನೆಯವರಿಗೆ ಭಯ ಬೇಡ, ಚರ್ಮಗಂಟು ಮನುಷ್ಯರಿಗೆ ಬರುವುದಿಲ್ಲ. ಹಾಲು ಕುದಿಸಿ ಕುಡಿಯಿರಿ, ಅಷ್ಟೇ. ಆದರೆ ಜ್ವರಕ್ಕೆ ಔಷಧಿ ಕೊಡುತ್ತಿರುವಾಗ ಆ ದನದ ಹಾಲನ್ನು ಸೊಸೈಟಿಗೆ ಹಾಕಬೇಡಿ, ಎಷ್ಟು ದಿನ ಎಂದು ಡಾಕ್ಟರನ್ನು ಕೇಳಿ.

ಇನ್ನು ತಂಗಿ ಮನೆಯ ಕಡಸು. ನಿಮ್ಮ ಊರು ಆದೇಶದ ಪಟ್ಟಿಯಲ್ಲಿ ಇಲ್ಲ, ತಂಗಿಯ ಊರೂ ಇಲ್ಲ ಎಂದಾದರೆ ರೋಗದ ಕಾನೂನಿನ ಅಡ್ಡಿ ಇಲ್ಲ. ಎರಡೂ ಪಟ್ಟಿಯಲ್ಲಿದ್ದರೆ ಎಂಟು ಕಿಲೋಮೀಟರೂ ಒಂದೇ, ಎಂಬತ್ತೂ ಒಂದೇ. ಲಸಿಕೆಯ ಸರ್ಟಿಫಿಕೇಟು ಮಾಡಿಸಿ, ಲಸಿಕೆಗೆ ಮೂರು ವಾರ ತುಂಬಿದ ಮೇಲೆ, ಪಶುವೈದ್ಯರನ್ನು ಕೇಳಿ ಕಳಿಸಿ. ನನ್ನ ಸಲಹೆ ಕೇಳಿದರೆ ಮಾತ್ರ ಸ್ವಲ್ಪ ಬೇರೆ. ತೀರ್ಥಹಳ್ಳಿ ದನ ಬರುವ ಮೊದಲೇ ಕಡಸನ್ನು ಕಳಿಸಿಬಿಡಿ. ಅದು ಆಗದಿದ್ದರೆ ಹೊಸ ದನದ 28 ದಿನ ಮುಗಿಯುವವರೆಗೆ ಕಡಸು ನಿಮ್ಮಲ್ಲೇ ಇರಲಿ. ಇಂಗ್ಲೆಂಡಿನ ಆರು ದಿನದ ಲೆಕ್ಕ ನೆನಪಿದೆಯಲ್ಲ, ಒಂದು ಒಳಗೆ ಬಂದರೆ ಇನ್ನೊಂದು ಹೊರಗೆ ಹೋಗಬಾರದು. ಕಡಸಿನ ಜೊತೆ ನಿಮ್ಮ ಮನೆಯ ಹುಲ್ಲಿನ ಕಟ್ಟು ಕಳಿಸುವ ಪ್ರೀತಿ ಬೇಡ. ಅದರ ಬದಲು ತಂಗಿಗೂ ಒಂದು ಥರ್ಮಾಮೀಟರ್ ಕೊಡಿ.